ಪಾರ್ಶ್ವವಾಯು, ಆಕರಕೋಶ ಮತ್ತು ಮಿದುಳಿನ ಚಿತ್ರಣ

ಪಾರ್ಶ್ವವಾಯು ಬಡಿದ ಮಿದುಳು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಬದುಕಿರುವ ಮನುಷ್ಯನಲ್ಲೇ ನೋಡುವ ಸಾಧನ ವೈದ್ಯರ ಕೈಗೆ ಬಂದು ಅರವತ್ತು ವರ್ಷವೂ ಆಗಿಲ್ಲ. ಅದಕ್ಕೂ ಮೊದಲು ಮಿದುಳಿನ ಗಾಯವನ್ನು ನೇರವಾಗಿ ಕಾಣಬೇಕಾದರೆ ಸಾಮಾನ್ಯವಾಗಿ ರೋಗಿ ಸಾಯುವವರೆಗೆ ಕಾಯಬೇಕಿತ್ತು. ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಈ ರೋಗಕ್ಕೆ ಮಿದುಳಿನ ರಕ್ತಸ್ರಾವ ಕಾರಣವಾಗಬಲ್ಲದೆಂದು 1658ರಲ್ಲಿ ತೋರಿಸಿದ್ದು ಶವಪರೀಕ್ಷೆಯಿಂದ. ಪ್ಯಾರಿಸ್ಸಿನ ಪಾಲ್ ಬ್ರೋಕಾ 1861ರಲ್ಲಿ ಮಾತು ಕಳೆದುಕೊಂಡಿದ್ದವನ ಮಿದುಳಿನ ಎಡಭಾಗದ ಗಾಯವನ್ನು ಗುರುತಿಸಿದ್ದೂ ಆತ ತೀರಿಕೊಂಡ ಮೇಲೆಯೇ. ಎಲ್ಲಿ ಕೆಟ್ಟಿದೆ ಎಂಬುದು ಇದರಿಂದ ಗೊತ್ತಾಗುತ್ತಿತ್ತು. ಉಳಿದ ಭಾಗ ಕೆಟ್ಟ ಭಾಗದ ಕೆಲಸವನ್ನು ಹೇಗೆ ವಹಿಸಿಕೊಂಡಿತ್ತು ಎಂಬುದು ಮಾತ್ರ ರೋಗಿಯೊಂದಿಗೇ ಮಣ್ಣಾಗುತ್ತಿತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಸಿ.ಟಿ. ಸ್ಕ್ಯಾನ್ ನಡೆಯಿತು. ಯಂತ್ರವನ್ನು ರೂಪಿಸಿದವರು ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಆಗಿನ ಚಿತ್ರದಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 80 ಚೌಕಗಳಷ್ಟೇ ಇದ್ದವು. ಆದರೂ ರಕ್ತಸ್ರಾವ ಬಿಳಿಯಾಗಿ ಎದ್ದು ಕಾಣುತ್ತಿದ್ದರಿಂದ, ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬ ಹಳೆಯ ಗೊಂದಲ ಬಗೆಹರಿಯಿತು. ಎಂಆರ್‌ಐ ಬಂದ ಮೇಲೆ ಇನ್ನೊಂದು ಹೆಜ್ಜೆ ಸಾಧ್ಯವಾಯಿತು. ನೀರಿನ ಅಣುಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ವಿಧಾನದಿಂದ, ರಕ್ತ ನಿಂತ ಒಂದು ಗಂಟೆಯೊಳಗೇ ಗಾಯವನ್ನು ಕಾಣಬಹುದೆಂದು ಸ್ಯಾನ್ ಫ್ರಾನ್ಸಿಸ್ಕೋದ ಮೈಕೆಲ್ ಮೋಸ್ಲಿ ತಂಡ 1990ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗದಲ್ಲಿ ತೋರಿಸಿತು.

ಇವೆಲ್ಲ ಗಾಯದ ಚಿತ್ರಗಳು. ಚೇತರಿಕೆಯ ಚಿತ್ರ ಸಿಕ್ಕಿದ್ದು ಪೆಟ್ ಸ್ಕ್ಯಾನಿನಿಂದ. ಅಲ್ಪಾಯುಷಿ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಸೇರಿಸಿ, ಮಿದುಳಿನ ಯಾವ ಭಾಗ ಹೆಚ್ಚು ರಕ್ತವನ್ನೋ ಸಕ್ಕರೆಯನ್ನೋ ಸೆಳೆಯುತ್ತಿದೆ ಎಂದು ನೋಡುವ ವಿಧಾನ ಇದು. 1991ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಫ್ರಾನ್ಸ್ವಾ ಶೋಲೆ ಮತ್ತು ಸಂಗಡಿಗರು ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡಿದ್ದ ಆರು ಮಂದಿಯನ್ನು ಯಂತ್ರದಲ್ಲಿ ಮಲಗಿಸಿ, ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಒಂದೊಂದಾಗಿ ಮುಟ್ಟಿಸಲು ಹೇಳಿದರು. ಸ್ವಾಧೀನ ತಪ್ಪದಿದ್ದ ಕೈಯನ್ನು ಆಡಿಸಿದಾಗ ನಿರೀಕ್ಷೆಯಂತೆ ಎದುರು ಬದಿಯ ಮಿದುಳು ಚುರುಕಾಯಿತು. ಬಿದ್ದು ಎದ್ದ ಕೈಯನ್ನು ಆಡಿಸಿದಾಗ ಎರಡೂ ಬದಿಗಳು ಚುರುಕಾದವು. ಗಾಯವಾಗದ ಅರ್ಧವೂ ಕೆಲಸಕ್ಕೆ ಇಳಿದಿತ್ತು.

ಇದಕ್ಕೆ ಎಷ್ಟು ಅರ್ಥ ಕಟ್ಟಬೇಕು ಎಂಬ ಚರ್ಚೆ ಅಲ್ಲಿಂದಲೇ ಶುರುವಾಯಿತು. ಸೀಜಿ ಒಗಾವಾ 1990ರಲ್ಲಿ ವಿವರಿಸಿದ ತತ್ತ್ವದ ಮೇಲೆ ಬೆಳೆದ ಫಂಕ್ಷನಲ್ ಎಂಆರ್‌ಐಗೆ ವಿಕಿರಣ ಬೇಕಿರಲಿಲ್ಲವಾದ್ದರಿಂದ, ಒಬ್ಬನೇ ರೋಗಿಯನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ನೋಡುವುದು ಸಾಧ್ಯವಾಯಿತು. ಲಂಡನ್ನಿನ ನಿಕ್ ವಾರ್ಡ್ ತಂಡ 2003ರಲ್ಲಿ ಹಾಗೆ ನೋಡಿದಾಗ ಕಂಡದ್ದು ಕುತೂಹಲಕರ: ಮೊದಮೊದಲು ಮಿದುಳಿನ ತುಂಬ ಹರಡಿದ್ದ ಚಟುವಟಿಕೆ, ಕೈ ಸುಧಾರಿಸಿದಂತೆಲ್ಲ ಕುಗ್ಗುತ್ತ ಬಂದಿತ್ತು. ಅಂದರೆ ಪರದೆಯ ಮೇಲೆ ಹೆಚ್ಚು ಬಣ್ಣ ಕಂಡರೆ ಹೆಚ್ಚು ಗುಣವಾಗಿದೆ ಎಂದು ಹೇಳುವಂತಿಲ್ಲ. ಇನ್ನೊಂದು ತೊಡಕೂ ಇದೆ. ಈ ಯಂತ್ರ ಅಳೆಯುವುದು ನರಕೋಶದ ಕೆಲಸವನ್ನಲ್ಲ, ಅದನ್ನು ಹಿಂಬಾಲಿಸುವ ರಕ್ತದ ಆಮ್ಲಜನಕದ ಏರಿಳಿತವನ್ನು. ಪಾರ್ಶ್ವವಾಯುವಾದವರಲ್ಲಿ ಮೊದಲು ಕೆಟ್ಟಿರುವುದೇ ರಕ್ತನಾಳ. ಮುಂದೆ ಆಕರಕೋಶದ (ಸ್ಟೆಮ್ ಸೆಲ್; ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಹೆಸರಿನಲ್ಲಿ ಬಂದ ಬಣ್ಣಬಣ್ಣದ ಚಿತ್ರಗಳನ್ನು ನೋಡುವಾಗ ಈ ಎರಡು ಎಚ್ಚರಿಕೆಗಳು ಬಹಳ ಸಲ ಮರೆತುಹೋದವು.

ಮಿದುಳಿಗೆ ಹೊಸ ಕೋಶಗಳನ್ನು ಸೇರಿಸಿ ಅವು ಬದುಕಿವೆಯೇ ಎಂದು ಚಿತ್ರದಲ್ಲಿ ಹುಡುಕುವ ಪದ್ಧತಿ ಹುಟ್ಟಿದ್ದು ಪಾರ್ಕಿನ್ಸನ್ ಕಾಯಿಲೆಯಲ್ಲಿ. ಸ್ವೀಡನ್ನಿನ ಲುಂಡ್ ನಗರದಲ್ಲಿ ಓಲ್ಲೆ ಲಿಂಡ್‌ವಾಲ್ ತಂಡ ಭ್ರೂಣದ ನರಕೋಶಗಳನ್ನು ಕಸಿ ಮಾಡಿತ್ತು. ಕಸಿಯಾದ ಜಾಗದಲ್ಲಿ ಡೋಪಮೀನ್ ತಯಾರಾಗುತ್ತಿದೆ ಎಂಬುದಕ್ಕೆ 1990ರಲ್ಲಿ ಪೆಟ್ ಸ್ಕ್ಯಾನ್ ಸಾಕ್ಷಿ ಹೇಳಿತು. ಅಲ್ಲಿ ಒಂದು ಅನುಕೂಲವಿತ್ತು: ಕೊರತೆ ಇದ್ದದ್ದು ಮುಖ್ಯವಾಗಿ ಒಂದೇ ರಾಸಾಯನಿಕದ್ದು, ಅದನ್ನು ಗುರುತಿಸುವ ವಿಕಿರಣಶೀಲ ವಸ್ತುವೂ ಸಿದ್ಧವಿತ್ತು. ಪಾರ್ಶ್ವವಾಯುವಿನಲ್ಲಿ ನರಕೋಶ, ಪೋಷಕ ಕೋಶ, ರಕ್ತನಾಳ, ನರತಂತು ಎಲ್ಲವೂ ಒಟ್ಟಿಗೇ ಸಾಯುತ್ತವೆ. ಹೊಸ ಕೋಶವನ್ನು ಹಿಡಿದುಕೊಡುವಂಥ ಗುರುತು ಯಾವುದೂ ಅಲ್ಲಿಲ್ಲ.

ಆದರೂ ಪ್ರಯತ್ನ ನಿಲ್ಲಲಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1998ರಲ್ಲಿ ಡಗ್ಲಸ್ ಕೊಂಡ್ಜಿಯೋಲ್ಕಾ ತಂಡ ಪಾರ್ಶ್ವವಾಯು ರೋಗಿಗಳ ಮಿದುಳಿಗೆ ನರಕೋಶಗಳನ್ನು ನೇರವಾಗಿ ಸೇರಿಸಿತು. ಅವು ಮನುಷ್ಯನ ವೃಷಣದ ಕ್ಯಾನ್ಸರ್ ಗಡ್ಡೆಯಿಂದ ಬಂದ ಕೋಶವಂಶ. ರೆಟಿನಾಯ್ಕ್ ಆಮ್ಲದ ಪ್ರಭಾವದಿಂದ ಅವನ್ನು ಪ್ರಯೋಗಾಲಯದಲ್ಲಿ ವಿಭಜನೆ ನಿಲ್ಲಿಸಿದ ನರಕೋಶಗಳನ್ನಾಗಿ ಮಾಡಲಾಗಿತ್ತು. ರೋಗಿಗಳು ಒಟ್ಟು 12 ಮಂದಿ. ಎಲ್ಲರಿಗೂ ಪಾರ್ಶ್ವವಾಯುವಾಗಿ ಆರು ತಿಂಗಳಿಂದ ಆರು ವರ್ಷ ಕಳೆದಿತ್ತು, ತಾನಾಗಿ ಆಗುವ ಸುಧಾರಣೆ ನಿಂತುಹೋಗಿತ್ತು. ಒಬ್ಬೊಬ್ಬರಿಗೆ 20 ಲಕ್ಷ ಅಥವಾ 60 ಲಕ್ಷ ಕೋಶಗಳು. ಆಮೇಲೆ ಸಕ್ಕರೆ ಸೆಳೆತವನ್ನು ತೋರಿಸುವ ಪೆಟ್ ಸ್ಕ್ಯಾನುಗಳನ್ನು ತಿಂಗಳುಗಳ ಅಂತರದಲ್ಲಿ ತೆಗೆದಾಗ, ಕೆಲವರಲ್ಲಿ ಗಾಯದ ಜಾಗದ ಚಟುವಟಿಕೆ ಏರಿತ್ತು. ಆ ಏರಿಕೆಗೂ ಕೈಕಾಲಿನ ಸುಧಾರಣೆಗೂ ಸಂಬಂಧ ಕಂಡಿತು.

ಸಕ್ಕರೆ ತಿಂದವರು ಯಾರು ಎಂಬುದೇ ಮುಂದಿನ ಪ್ರಶ್ನೆ. ಹೊಸ ನರಕೋಶಗಳೂ ಇರಬಹುದು, ಉರಿಯೂತಕ್ಕೆ ಓಡಿಬಂದ ರಕ್ಷಣಾ ಕೋಶಗಳೂ ಇರಬಹುದು, ಎಚ್ಚೆತ್ತ ಹಳೆಯ ನರಕೋಶಗಳೂ ಇರಬಹುದು. ಪೆಟ್ ಇವುಗಳಲ್ಲಿ ಭೇದ ಕಾಣದು. ಕಸಿಯಾಗಿ 27 ತಿಂಗಳ ನಂತರ ಹೃದಯಾಘಾತದಿಂದ ತೀರಿಕೊಂಡ ಒಬ್ಬ ರೋಗಿಯ ಶವಪರೀಕ್ಷೆಯಲ್ಲಿ ಕಸಿ ಕೋಶಗಳು ಉಳಿದಿದ್ದುದು ಕಂಡುಬಂತು, ಗಡ್ಡೆ ಬೆಳೆದಿರಲಿಲ್ಲ. ಕೋಶ ಉಳಿದಿದೆಯೇ ಎಂಬ ಪ್ರಶ್ನೆಗೆ ಯಂತ್ರಗಳ ಕಾಲದಲ್ಲೂ ಖಚಿತ ಉತ್ತರ ಕೊಟ್ಟಿದ್ದು ವೆಪ್ಫರ್‌ನ ಹಳೆಯ ದಾರಿಯೇ ಎಂಬುದು ಗಮನಿಸಬೇಕಾದ ಸಂಗತಿ.

ಕೋಶಕ್ಕೇ ಗುರುತು ಹಚ್ಚಿ ಕಳಿಸಿದರೆ ಹೇಗೆ ಎಂಬ ಯೋಚನೆ ಇದೇ ಹೊತ್ತಿಗೆ ಬಂತು. ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ತುಂಬಿಕೊಂಡ ಕೋಶ ಎಂಆರ್‌ಐಯಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಜರ್ಮನಿಯ ಕಲೋನಿನಲ್ಲಿ ಮಥಿಯಾಸ್ ಹ್ಯೋನ್ ತಂಡ 2002ರಲ್ಲಿ ಇಲಿಯ ಮಿದುಳಿನ ಗಾಯವಾಗದ ಬದಿಗೆ ಇಂಥ ಆಕರಕೋಶಗಳನ್ನು ಸೇರಿಸಿ ಕಾದಿತ್ತು. ಕಪ್ಪು ಗುರುತು ಎರಡು ಅರ್ಧಗೋಳಗಳನ್ನು ಬೆಸೆಯುವ ನರತಂತುಗಳ ಕಟ್ಟಿನ ಗುಂಟ ಸಾಗಿ, ಸುಮಾರು ಮೂರು ವಾರಗಳಲ್ಲಿ ಗಾಯದ ಬದಿಗೆ ತಲುಪಿತು. ಈ ಕ್ಷೇತ್ರದ ಅತ್ಯಂತ ರೋಚಕ ಚಿತ್ರಗಳಲ್ಲಿ ಇದೊಂದು. ಆದರೆ ಕೋಶ ಸತ್ತ ಮೇಲೂ ಕಬ್ಬಿಣ ಉಳಿಯುತ್ತದೆ, ಸತ್ತ ಕೋಶವನ್ನು ನುಂಗಿದ ರಕ್ಷಣಾ ಕೋಶವೂ ಅಷ್ಟೇ ಕಪ್ಪಾಗಿ ಕಾಣುತ್ತದೆ. ಹಳೆಯ ರಕ್ತಸ್ರಾವದ ಕಲೆಯೂ ಕಬ್ಬಿಣದ್ದೇ. ರಕ್ತನಾಳದ ಮೂಲಕ ಕೊಟ್ಟ ಕೋಶಗಳಿಗೆ ವಿಕಿರಣಶೀಲ ಗುರುತು ಹಚ್ಚಿದಾಗಲಂತೂ ಬಹುಪಾಲು ಶ್ವಾಸಕೋಶ, ಯಕೃತ್ತು ಮತ್ತು ಗುಲ್ಮದಲ್ಲಿ ಸಿಕ್ಕಿಬಿದ್ದಿದ್ದವು. ಮಿದುಳಿಗೆ ಮುಟ್ಟಿದ್ದು ಅತ್ಯಲ್ಪ.

ಹಾಗಿದ್ದೂ ರಕ್ತನಾಳದ ದಾರಿಯೇ ಜನಪ್ರಿಯವಾಯಿತು. ಅದಕ್ಕೆ ತಲೆಬುರುಡೆ ಕೊರೆಯಬೇಕಿಲ್ಲ, ರೋಗಿಯದೇ ಅಸ್ಥಿಮಜ್ಜೆ ಸಾಕು. ದಕ್ಷಿಣ ಕೊರಿಯಾದಲ್ಲಿ ಐವರಿಗೆ ಹೀಗೆ ಕೋಶ ಕೊಟ್ಟದ್ದು 2005ರಲ್ಲಿ ವರದಿಯಾಯಿತು. ಜಪಾನಿನ ಸಪ್ಪೊರೊದಲ್ಲಿ 12 ಮಂದಿಗೆ ಕೊಟ್ಟಾಗ ಒಂದೇ ವಾರದಲ್ಲಿ ಗಾಯದ ಗಾತ್ರ ಸರಾಸರಿ ಶೇ. 20ಕ್ಕಿಂತ ಹೆಚ್ಚು ಕುಗ್ಗಿತೆಂದು ಎಂಆರ್‌ಐ ಆಧರಿಸಿ 2011ರಲ್ಲಿ ವರದಿಯಾಯಿತು. ಆದರೆ ಊತ ಇಳಿದಂತೆ ಗಾಯ ಚಿಕ್ಕದಾಗಿ ಕಾಣುವುದು ಸಹಜವೇ ಆದ್ದರಿಂದ, ಹೋಲಿಸಿ ನೋಡಲು ಬೇರೆ ಗುಂಪಿಲ್ಲದ ಆ ಅಂಕಿಗೆ ತೂಕ ಕಡಿಮೆ.

ಭಾರತದ ಅಧ್ಯಾಯ ಇಲ್ಲಿ ಮುಖ್ಯ. ದೆಹಲಿಯ ಏಮ್ಸ್‌ನಲ್ಲಿ ಎಂ.ವಿ. ಪದ್ಮಾ ಶ್ರೀವಾಸ್ತವ ಅವರ ತಂಡ 2011ರಲ್ಲಿ ಹಳೆಯ ಪಾರ್ಶ್ವವಾಯುವಿನ 12 ರೋಗಿಗಳನ್ನು ಫಂಕ್ಷನಲ್ ಎಂಆರ್‌ಐಯಿಂದ ಪರೀಕ್ಷಿಸಿತು. ಅವರಲ್ಲಿ ಆಕರಕೋಶ ಪಡೆದವರ ಚಲನಾ ಪ್ರದೇಶಗಳಲ್ಲಿ ಚುರುಕಾದ ತಾಣಗಳ ಸಂಖ್ಯೆ ಹೆಚ್ಚಿತ್ತು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಏಮ್ಸ್‌ನವರೇ ಆದ ಕಾಮೇಶ್ವರ ಪ್ರಸಾದ್ ಮುಂದಾಳತ್ವದಲ್ಲಿ ದೇಶದ ಐದು ಕೇಂದ್ರಗಳು 120 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಅವರದೇ ಅಸ್ಥಿಮಜ್ಜೆಯ ಕೋಶಗಳನ್ನು ಒಂದು ಗುಂಪಿಗೆ ಕೊಟ್ಟು ನೋಡಿದಾಗ ಉತ್ತರ ಬೇರೆಯಾಯಿತು. ಚಿಕಿತ್ಸೆ ಅಪಾಯಕಾರಿಯಲ್ಲ, ಆದರೆ ಪ್ರಯೋಜನ ಕಾಣಲಿಲ್ಲ ಎಂದು 2014ರಲ್ಲಿ ಪ್ರಕಟವಾಯಿತು. ಚಿತ್ರ ಕೊಟ್ಟ ಭರವಸೆಯನ್ನು ದೊಡ್ಡ ಪ್ರಯೋಗದಲ್ಲಿ ಒರೆಗೆ ಹಚ್ಚಿ, ಬಂದ ಉತ್ತರವನ್ನು ಮುಚ್ಚಿಡದೆ ಹೇಳಿದ್ದು ಈ ಕೆಲಸದ ಹಿರಿಮೆ. ರಕ್ತಸಂಬಂಧಿ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಬೇರೆಲ್ಲೂ ಆಕರಕೋಶವನ್ನು ಸಂಶೋಧನೆಯ ಹೊರಗೆ ಚಿಕಿತ್ಸೆಯಾಗಿ ಕೊಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ 2017ರಲ್ಲಿ ಹೇಳಿತು.

ಮಿದುಳಿಗೇ ಚುಚ್ಚುವ ದಾರಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಮುಂದುವರಿಯಿತು. ಗ್ಲಾಸ್ಗೋದಲ್ಲಿ 2010ರಿಂದ ನಡೆದ ಪ್ರಯೋಗದಲ್ಲಿ 11 ಗಂಡಸರಿಗೆ ನರ ಆಕರಕೋಶಗಳನ್ನು, ಗರಿಷ್ಠ 2 ಕೋಟಿಯವರೆಗೆ, ಕೊಡಲಾಯಿತು. ಕೆಲವರ ಎಂಆರ್‌ಐಯಲ್ಲಿ ಸೂಜಿ ಹೋದ ಜಾಡಿನ ಸುತ್ತ ಬಿಳಿ ಗುರುತು ಮೂಡಿತ್ತು.

ಇಂಥದೇ ಗುರುತು 2016ರ ಇನ್ನೊಂದು ವರದಿಯಲ್ಲಿ ದೊಡ್ಡ ಸುದ್ದಿಯಾಯಿತು. ಸ್ಟ್ಯಾನ್‌ಫರ್ಡಿನ ಗ್ಯಾರಿ ಸ್ಟೈನ್‌ಬರ್ಗ್ ನೇತೃತ್ವದಲ್ಲಿ 18 ರೋಗಿಗಳಿಗೆ, ದಾನಿಗಳ ಅಸ್ಥಿಮಜ್ಜೆಯಿಂದ ಮಾರ್ಪಡಿಸಿದ ಎಸ್‌ಬಿ623 ಕೋಶಗಳನ್ನು ಗಾಯದ ಅಂಚಿಗೆ ಸೇರಿಸಲಾಗಿತ್ತು. ಶಸ್ತ್ರಕ್ರಿಯೆಯಾದ ಒಂದೆರಡು ವಾರಗಳಲ್ಲಿ ಕೆಲವರ ಮಿದುಳಿನ ಚಲನಾ ಪ್ರದೇಶದ ಮುಂದೆ ಒಂದು ಬಿಳಿ ಕಲೆ ಕಾಣಿಸಿಕೊಂಡಿತು, ಒಂದೆರಡು ತಿಂಗಳಲ್ಲಿ ಮಾಯವಾಯಿತು. ಕಲೆ ದೊಡ್ಡದಿದ್ದವರು ವರ್ಷದ ಕೊನೆಗೆ ಹೆಚ್ಚು ಸುಧಾರಿಸಿದ್ದರು. ಇಲಿಗಳಲ್ಲಿ ಈ ಕೋಶಗಳು ಸುಮಾರು ಒಂದು ತಿಂಗಳಿಗೇ ಸಾಯುತ್ತವೆ. ಆದ್ದರಿಂದ ಅವು ನರಕೋಶವಾಗಿ ಬೆಳೆಯುವುದಿಲ್ಲ, ಸಾಯುವ ಮೊದಲು ಸ್ರವಿಸುವ ವಸ್ತುಗಳಿಂದ ಹಳೆಯ ಮಿದುಳನ್ನು ಕೆಲಸಕ್ಕೆ ಹಚ್ಚುತ್ತವೆ ಎಂಬ ವಿವರಣೆ ಬಲವಾಯಿತು. ಮುಂದಿನ ಹಂತದಲ್ಲಿ 163 ರೋಗಿಗಳಿದ್ದರು, ಹೋಲಿಕೆಯ ಗುಂಪಿಗೆ ನೆಪಮಾತ್ರದ ಶಸ್ತ್ರಕ್ರಿಯೆ ನಡೆಯಿತು. 2019ರ ಆರಂಭದಲ್ಲಿ ಆ ಪ್ರಯೋಗ ಗುರಿ ಮುಟ್ಟಲಿಲ್ಲವೆಂದು ಪ್ರಕಟವಾಯಿತು.

ಚಿತ್ರಣವನ್ನು ಹೋಲಿಕೆಯ ಗುಂಪಿನೊಂದಿಗೇ ಕಟ್ಟಿಕೊಂಡ ಪ್ರಯೋಗವೆಂದರೆ ಫ್ರಾನ್ಸಿನ ಗ್ರೆನೋಬಲ್‌ನದು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ 31 ರೋಗಿಗಳಲ್ಲಿ ಕೋಶ ಪಡೆದವರ ಒಟ್ಟಾರೆ ದೈನಂದಿನ ಸಾಮರ್ಥ್ಯ ಉಳಿದವರಿಗಿಂತ ಹೆಚ್ಚಲಿಲ್ಲ. ಆದರೆ ಚಲನೆಯ ಅಂಕಗಳು ಮತ್ತು ಚಲನಾ ಪ್ರದೇಶದ ಫಂಕ್ಷನಲ್ ಎಂಆರ್‌ಐ ಸಂಕೇತ ಎರಡೂ ಉತ್ತಮವಾಗಿದ್ದವು. ಜಪಾನಿನ 206 ರೋಗಿಗಳ ಪ್ರಯೋಗದ ವರದಿ 2024ರಲ್ಲಿ ಬಂತು. ಪಾರ್ಶ್ವವಾಯುವಾದ 18ರಿಂದ 36 ಗಂಟೆಗಳೊಳಗೆ ದಾನಿಯ ಕೋಶ ಕೊಟ್ಟರೂ ಮುಖ್ಯ ಗುರಿಯಲ್ಲಿ ವ್ಯತ್ಯಾಸವಾಗಲಿಲ್ಲ. ಅದೇ ವರ್ಷದ ಜುಲೈನಲ್ಲಿ ಎಸ್‌ಬಿ623ಕ್ಕೆ ಜಪಾನ್ ಷರತ್ತಿನ ಅನುಮತಿ ಕೊಟ್ಟಿತು. ಆ ಅನುಮತಿ ತಲೆಗೆ ಪೆಟ್ಟುಬಿದ್ದು ಕೈಕಾಲು ಸ್ವಾಧೀನ ತಪ್ಪಿದವರಿಗೆ. ಪಾರ್ಶ್ವವಾಯು ಅದರಲ್ಲಿ ಸೇರಿಲ್ಲ.