ಶೆರ್ಲಾಕ್ ಹೋಮ್ಸ್‌ಗೂ ಮೊದಲೇ ಪತ್ತೇದಾರಿ ಕಾದಂಬರಿ ಬರೆದಾಕೆ: ಆನಾ ಕ್ಯಾಥರೀನ್ ಗ್ರೀನ್ ಬದುಕು–ಬರಹ

ಪತ್ತೇದಾರಿ ಕಥೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ಶೆರ್ಲಾಕ್ ಹೋಮ್ಸ್ ಹೆಸರು. ಆದರೆ ಹೋಮ್ಸ್ ಮೊದಲ ಸಲ ಓದುಗರ ಕೈಗೆ ಸಿಕ್ಕಿದ್ದು 1887ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲೇ, 1878ರಲ್ಲಿ, ಅಮೆರಿಕದ ಒಬ್ಬ ಹೆಣ್ಣುಮಗಳು ಬರೆದ ಕೊಲೆ ರಹಸ್ಯದ ಕಾದಂಬರಿ ಭಾರಿ ಜನಪ್ರಿಯವಾಗಿತ್ತು. ಕಾದಂಬರಿ ‘ದಿ ಲೆವನ್‌ವರ್ತ್ ಕೇಸ್’, ಲೇಖಕಿ ಆನಾ ಕ್ಯಾಥರೀನ್ ಗ್ರೀನ್. ‘ಪತ್ತೇದಾರಿ ಕಾದಂಬರಿಯ ತಾಯಿ’ ಎಂದೇ ಕರೆಸಿಕೊಂಡ ಇವರ ಹೆಸರು ಇವತ್ತು ಬಹಳಷ್ಟು ಓದುಗರಿಗೆ ಗೊತ್ತೇ ಇಲ್ಲ.

ವಕೀಲರ ಮಗಳು

ಗ್ರೀನ್ ಹುಟ್ಟಿದ್ದು 1846ರ ನವೆಂಬರ್ 11ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಂದೆ ಜೇಮ್ಸ್ ವಿಲ್ಸನ್ ಗ್ರೀನ್ ವಕೀಲರು. ಚಿಕ್ಕ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ವರ್ಮಾಂಟ್ ರಾಜ್ಯದ ರಿಪ್ಲಿ ಮಹಿಳಾ ಕಾಲೇಜಿನಲ್ಲಿ ಓದಿ 1866ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲ ಅದು.

ಅವರಿಗೆ ಆಸೆ ಇದ್ದಿದ್ದು ಕವಿಯಾಗಬೇಕು ಅಂತ. ಪ್ರಸಿದ್ಧ ಚಿಂತಕ ರಾಲ್ಫ್ ವಾಲ್ಡೊ ಎಮರ್ಸನ್ ಜತೆ ಪತ್ರ ವ್ಯವಹಾರವೂ ಇತ್ತು. ಆದರೆ ಕವಿತೆಗಳು ಹೆಸರು ತಂದುಕೊಡಲಿಲ್ಲ. ಹೆಸರು ತಂದಿದ್ದು ತಂದೆಗೆ ಗೊತ್ತಾಗದ ಹಾಗೆ, ವರ್ಷಗಟ್ಟಲೆ ಕೂತು ಬರೆದ ಕಾದಂಬರಿ.

ಗ್ರಂಥಾಲಯದಲ್ಲಿ ಕೊಲೆ

‘ಲೆವನ್‌ವರ್ತ್ ಕೇಸ್’ ಕಥೆ ನಡೆಯೋದು ನ್ಯೂಯಾರ್ಕ್‌ನ ಶ್ರೀಮಂತರ ಮನೆಯಲ್ಲಿ. ಯಜಮಾನ ಹೊರೇಷಿಯೊ ಲೆವನ್‌ವರ್ತ್ ರಾತ್ರಿ ಹೊತ್ತು ತನ್ನ ಗ್ರಂಥಾಲಯದಲ್ಲಿ ಮೇಜಿನ ಮುಂದೆ ಕೂತಿದ್ದಾಗ ತಲೆಯ ಹಿಂದಿನಿಂದ ಗುಂಡು ಹಾರಿಸಿ ಕೊಂದಿದ್ದಾರೆ. ಮನೆಗೆ ಹೊರಗಿನವರು ನುಗ್ಗಿದ ಗುರುತಿಲ್ಲ. ಹಾಗಾದರೆ ಕೊಲೆಗಾರ ಮನೆಯೊಳಗಿನವರೇ ಇರಬೇಕು. ಆತ ಸಾಕಿ ಬೆಳೆಸಿದ ಇಬ್ಬರು ಅಣ್ಣತಮ್ಮಂದಿರ ಮಕ್ಕಳು ಮೇರಿ ಮತ್ತು ಎಲಿನೋರ್. ಆಸ್ತಿ ಇಬ್ಬರಲ್ಲಿ ಒಬ್ಬಳಿಗೆ ಮಾತ್ರ. ಇದರ ನಡುವೆ ಮನೆಗೆಲಸದಾಕೆ ಬೇರೆ ಕಾಣೆ.

ಕಥೆ ಹೇಳುವವನು ಯುವ ವಕೀಲ ರೇಮಂಡ್. ತನಿಖೆ ಮಾಡುವವರು ಪೊಲೀಸ್ ಪತ್ತೇದಾರ ಎಬನೇಜರ್ ಗ್ರೈಸ್. ಈತ ಹೀರೋ ಥರ ಇಲ್ಲ. ವಯಸ್ಸಾಗುತ್ತಿದೆ, ಸಂಧಿವಾತ ಕಾಡುತ್ತೆ, ಮಾತಾಡುವಾಗ ಎದುರಿನವರ ಮುಖ ನೋಡದೆ ಕೋಣೆಯಲ್ಲಿರೋ ಯಾವುದೋ ಸಣ್ಣ ವಸ್ತುವನ್ನೇ ದಿಟ್ಟಿಸುತ್ತಾನೆ. ಶ್ರೀಮಂತರ ನಡುವೆ ತಾನು ಸಲೀಸಾಗಿ ಬೆರೆಯಲಾರೆ ಅನ್ನೋದೂ ಅವನಿಗೆ ಗೊತ್ತು. ಅದಕ್ಕೇ ರೇಮಂಡ್‌ನ ನೆರವು ಬೇಕಾಗುತ್ತೆ. 1917ರವರೆಗೂ ಗ್ರೈಸ್ ಹಲವು ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುತ್ತಾನೆ.

ಕಾದಂಬರಿಯ ನಿಜವಾದ ಗಟ್ಟಿತನ ಇರೋದು ಕಾನೂನಿನ ತಿಳಿವಳಿಕೆಯಲ್ಲಿ. ಸಾವಿನ ಕಾರಣ ಪತ್ತೆಗೆ ನಡೆಯುವ ವಿಚಾರಣೆ, ಸಾಕ್ಷಿಗಳ ಹೇಳಿಕೆ, ಪಿಸ್ತೂಲಿನ ಪರೀಕ್ಷೆ ಎಲ್ಲವೂ ಹಂತ ಹಂತವಾಗಿ ಬರುತ್ತವೆ. ಕರವಸ್ತ್ರ, ಬೀಗದ ಕೈ, ಹರಿದ ಪತ್ರ ಎಲ್ಲವೂ ಒಬ್ಬಳ ಕಡೆ ಬೆರಳು ತೋರಿಸುತ್ತವೆ. ಆದರೆ ಸಾಂದರ್ಭಿಕ ಸಾಕ್ಷ್ಯವನ್ನು ಕಣ್ಣು ಮುಚ್ಚಿ ನಂಬಿದರೆ ನಿರಪರಾಧಿ ಗಲ್ಲಿಗೇರಬಹುದು ಅನ್ನೋದೇ ಕಾದಂಬರಿಯ ಒಳಗಿನ ಎಚ್ಚರಿಕೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಇದನ್ನು ಉದಾಹರಣೆಯಾಗಿ ಬಳಸುತ್ತಿದ್ದರು ಎಂದು ಹೇಳಲಾಗುತ್ತದೆ. ಇಷ್ಟು ಕಾನೂನು ಗೊತ್ತಿರೋ ಪುಸ್ತಕವನ್ನು ಹೆಂಗಸು ಬರೆದಿರಲು ಸಾಧ್ಯವೇ ಎಂದು ಪೆನ್ಸಿಲ್ವೇನಿಯಾ ಶಾಸನಸಭೆಯಲ್ಲೇ ಚರ್ಚೆಯಾಯಿತು ಎಂಬ ಮಾತೂ ಇದೆ.

ಪಕ್ಕದ ಮನೆಯ ಅಜ್ಜಿ, ಶ್ರೀಮಂತರ ಹುಡುಗಿ

1897ರ ‘ದಟ್ ಅಫೇರ್ ನೆಕ್ಸ್ಟ್ ಡೋರ್’ ಕಾದಂಬರಿಯಲ್ಲಿ ಗ್ರೀನ್ ಹೊಸ ಪಾತ್ರ ತಂದರು: ಮಿಸ್ ಅಮೀಲಿಯಾ ಬಟರ್‌ವರ್ತ್. ಮದುವೆಯಾಗದ, ಕುತೂಹಲ ಜಾಸ್ತಿ ಇರೋ, ಒಳ್ಳೆ ಮನೆತನದ ಹೆಂಗಸು. ರಾತ್ರಿ ಕಿಟಕಿಯಿಂದ ಇಣುಕಿದಾಗ ಖಾಲಿ ಇರಬೇಕಾದ ಪಕ್ಕದ ಮನೆಗೆ ಗಂಡಸು, ಹೆಂಗಸು ಹೋಗಿದ್ದು ಕಾಣುತ್ತೆ. ಬೆಳಗಾದರೆ ಅಲ್ಲಿ ಕಪಾಟಿನಡಿ ಹೆಣ. ಪೊಲೀಸರಿಗೆ ಹೊಳೆಯದ್ದು ಈಕೆಗೆ ಹೊಳೆಯುತ್ತೆ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಬಂದಿದ್ದು ಇದಾಗಿ ಮೂವತ್ತು ವರ್ಷದ ಮೇಲೆ.

1915ರ ‘ದಿ ಗೋಲ್ಡನ್ ಸ್ಲಿಪ್ಪರ್’ ಸಂಕಲನದ ವಯೊಲೆಟ್ ಸ್ಟ್ರೇಂಜ್ ಇನ್ನೊಂದು ಬಗೆ. ಹೊರಗೆ ಪಾರ್ಟಿಗಳಲ್ಲಿ ಓಡಾಡುವ ಸಿರಿವಂತರ ಮಗಳು, ಒಳಗೊಳಗೇ ಹಣ ಪಡೆದು ಪ್ರಕರಣ ಬಿಡಿಸುವ ಪತ್ತೇದಾರಿಣಿ. ಆ ಹಣ ತಂದೆ ಮನೆಯಿಂದ ಹೊರಹಾಕಿದ ಅಕ್ಕನಿಗಾಗಿ ಎಂಬುದು ಕೊನೆಗೆ ತಿಳಿಯುತ್ತದೆ.

ಸಂಸಾರ, ಕೊನೆಯ ದಿನಗಳು

1884ರಲ್ಲಿ ತಮಗಿಂತ ಚಿಕ್ಕವರಾದ ನಟ ಚಾರ್ಲ್ಸ್ ರೋಲ್ಫ್ಸ್ ಅವರನ್ನು ಗ್ರೀನ್ ಮದುವೆಯಾದರು. ಮುಂದೆ ರೋಲ್ಫ್ಸ್ ಮರದ ಪೀಠೋಪಕರಣಗಳ ವಿನ್ಯಾಸದಲ್ಲಿ ದೊಡ್ಡ ಹೆಸರು ಮಾಡಿದರು. ದಂಪತಿ ಬಫಲೋ ನಗರದಲ್ಲಿ ನೆಲೆಸಿದರು. ಮೂವರು ಮಕ್ಕಳ ಸಂಸಾರ ನಡೆಸುತ್ತಲೇ ಗ್ರೀನ್ ಬರೆಯುತ್ತಾ ಹೋದರು. ಕೊನೆಯ ಕಾದಂಬರಿ ಬಂದಾಗ, 1923ರಲ್ಲಿ, ಅವರಿಗೆ 76 ವರ್ಷ. ಹೆಣ್ಣು ಪತ್ತೇದಾರರನ್ನು ಸೃಷ್ಟಿಸಿದ ಇವರೇ ಮಹಿಳೆಯರ ಮತದಾನದ ಹಕ್ಕನ್ನು ಒಪ್ಪುತ್ತಿರಲಿಲ್ಲ ಅನ್ನೋದು ವಿಚಿತ್ರ. 1935ರ ಏಪ್ರಿಲ್ 11ರಂದು, 88ನೇ ವಯಸ್ಸಿನಲ್ಲಿ ಬಫಲೋದಲ್ಲಿ ನಿಧನರಾದರು.

ಮೊದಲಿಗರೇ?

ಗ್ರೀನ್ ಅವರನ್ನು ಪತ್ತೇದಾರಿ ಕಾದಂಬರಿ ಬರೆದ ಮೊದಲ ಮಹಿಳೆ ಅನ್ನೋರಿದ್ದಾರೆ. ಅದು ಸರಿಯಲ್ಲ. ಅಮೆರಿಕದವರೇ ಆದ ಮೆಟಾ ವಿಕ್ಟರ್, ಸೀಲಿ ರೆಜಿಸ್ಟರ್ ಎಂಬ ಹೆಸರಿನಲ್ಲಿ ‘ದಿ ಡೆಡ್ ಲೆಟರ್’ ಬರೆದಿದ್ದು 1860ರ ದಶಕದಲ್ಲೇ. ಎಡ್ಗರ್ ಅಲನ್ ಪೋ, ಫ್ರಾನ್ಸ್‌ನ ಗಬೋರಿಯೊ ಕೂಡ ಗ್ರೀನ್‌ಗಿಂತ ಹಿಂದಿನವರು.

ಹಾಗಂತ ಗ್ರೀನ್ ಪಾಲು ಸಣ್ಣದಲ್ಲ. ಗ್ರಂಥಾಲಯದಲ್ಲಿ ಹೆಣ, ಆಸ್ತಿಯ ಜಗಳ, ಮನೆಯೊಳಗಿನವರ ಮೇಲೇ ಅನುಮಾನ, ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುವ ಪತ್ತೇದಾರ, ಪೊಲೀಸರನ್ನೇ ಮೀರಿಸುವ ಹೆಂಗಸು: ಈಗ ಮಾಮೂಲಿ ಅನ್ನಿಸುವ ಇವನ್ನೆಲ್ಲ ಜನಪ್ರಿಯ ಮಾಡಿದವರಲ್ಲಿ ಗ್ರೀನ್ ಮುಂಚೂಣಿಯಲ್ಲಿದ್ದರು. ಬಾಲ್ಯದಲ್ಲಿ ಅಕ್ಕ ‘ಲೆವನ್‌ವರ್ತ್ ಕೇಸ್’ ಓದಿ ಹೇಳಿದ್ದನ್ನು ಕ್ರಿಸ್ಟಿ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1963ರ ‘ದಿ ಕ್ಲಾಕ್ಸ್’ನಲ್ಲಿ ಅವರ ಪತ್ತೇದಾರ ಪೊಯ್ರೊ ಕೂಡ ಅದನ್ನು ಮೆಚ್ಚಿ ಮಾತಾಡುತ್ತಾನೆ. ಕ್ರಿಸ್ಟಿಯನ್ನು ಓದಿದವರು ಒಂದು ಸಲ ಗ್ರೀನ್ ಪುಸ್ತಕ ಹಿಡಿದರೆ, ಆ ದಾರಿ ಎಲ್ಲಿಂದ ಶುರುವಾಯಿತು ಅನ್ನೋದು ತಾನಾಗೇ ಗೊತ್ತಾಗುತ್ತೆ.