ಆಲ್ಫ್ರೆಡ್ ಹಾಯೋಷ್ (1878–1955): ಕಡಲಲ್ಲಿ ಗೆದ್ದು ಈಜುಕೊಳ ಕಟ್ಟಿದವರು

1896ರ ಏಪ್ರಿಲ್ 11ರಂದು ಗ್ರೀಸ್‌ನ ಪಿರೇಯಸ್ ಬಳಿಯ ಝೇಯಾ ಕೊಲ್ಲಿಯಲ್ಲಿ ಹಂಗೇರಿಯ 18ರ ತರುಣ ಹಾಯೋಷ್ ಒಂದೇ ದಿನ 100 ಮೀಟರ್ ಮತ್ತು 1200 ಮೀಟರ್ ಫ್ರೀಸ್ಟೈಲ್ ಗೆದ್ದು, ಆಧುನಿಕ ಒಲಿಂಪಿಕ್ಸ್‌ನ ಮೊದಲ ಈಜು ಚಾಂಪಿಯನ್ ಆದರು. 100 ಮೀಟರಿಗೆ ತಗುಲಿದ 1 ನಿಮಿಷ 22.2 ಸೆಕೆಂಡು ಇಂದಿನವರಿಗೆ ತೀರಾ ನಿಧಾನ ಎನಿಸೀತು. ಆದರೆ ಅಲ್ಲಿ ಕೊಳವಿರಲಿಲ್ಲ. ಕೊರೆಯುವ ನೀರಿನಲ್ಲಿ ಅಲೆಗಳನ್ನು ಸೀಳಿ ದಡ ಮುಟ್ಟಬೇಕಿತ್ತು. ಆದ್ದರಿಂದ ಆ ಗೆಲುವನ್ನು ಗಡಿಯಾರವೊಂದರಿಂದಲೇ ಅಳೆಯಲಾಗದು. ಅವರ ಸಾಧನೆ ಪದಕಗಳಿಗೇ ಮುಗಿಯಲೂ ಇಲ್ಲ. ವಾಸ್ತುಶಿಲ್ಪಿಯಾಗಿ ಅವರು 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಕಲಾ ವಿಭಾಗದಲ್ಲಿ, ದೆಜೊ ಲಾಬರ್ ಜೊತೆ ರೂಪಿಸಿದ ಕ್ರೀಡಾಂಗಣ ವಿನ್ಯಾಸಕ್ಕೆ ಬೆಳ್ಳಿ ಪಡೆದರು. ಬುಡಾಪೆಸ್ಟ್‌ನ ಮಾರ್ಗರೆಟ್ ದ್ವೀಪದಲ್ಲಿ 1930ರಲ್ಲಿ ಎದ್ದುನಿಂತ ಒಳಾಂಗಣ ಈಜುಕೊಳವೂ ಅವರದೇ ವಿನ್ಯಾಸ. ಮುಂದಿನ ತಲೆಮಾರಿಗೆ ಈಜಲು ಜಾಗ ಒದಗಿಸಿದ ಈ ಕೆಲಸವೂ ಅವರ ಕ್ರೀಡಾಜೀವನದ ಭಾಗವೇ.