ಸವಕಳಿಯ ಲೆಕ್ಕಕ್ಕೆ ಸಿಗದ ಯಂತ್ರ

ಬ್ಯಾಂಕಿನ ನೌಕರನಿಗೆ ‘ಸವಕಳಿ’ ಎಂಬುದು ದಿನನಿತ್ಯದ ಶಬ್ದ. ಸಾಲ ಕೇಳಿ ಬರುವವರ ಲೆಕ್ಕಪತ್ರಗಳಲ್ಲಿ ಅಕ್ಕಿ ಗಿರಣಿಯ ಮೋಟಾರು, ಮುದ್ರಣಾಲಯದ ಯಂತ್ರ, ಬಾಡಿಗೆಯ ಜೀಪು ಎಲ್ಲವೂ ವರ್ಷಕ್ಕಿಷ್ಟು ಎಂದು ಬೆಲೆ ಕಳೆದುಕೊಳ್ಳುತ್ತ ಬಂದು ಕೊನೆಗೆ ಗುಜರಿಯ ದರದಲ್ಲಿ ನಿಲ್ಲುತ್ತವೆ. ಯಂತ್ರವೆಂದರೆ ಹಳತಾಗುವುದು, ಹಳತಾದರೆ ಅಗ್ಗವಾಗುವುದು ಎಂಬುದು ನಾವು ಕಲಿತ ಪಾಠ. ಈ ಪಾಠಕ್ಕೆ ಹೊರತಾದ ಯಂತ್ರಗಳೂ ಕೆಲವಿವೆ. ಗ್ರಾಮಫೋನ್ ಪ್ಲೇಟನ್ನು ತಿರುಗಿಸುವ ಟರ್ನ್‌ಟೇಬಲ್ ಅವುಗಳಲ್ಲೊಂದು. 1954ರಲ್ಲಿ ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಿಂದ ಹೊರಬಂದ ‘ಗ್ಯಾರಾರ್ಡ್ 301’ ಎಂಬ ಯಂತ್ರಕ್ಕೆ, ಹಣದುಬ್ಬರವನ್ನು ಕಳೆದು ನೋಡಿದರೂ, ಹೊಸತಾಗಿದ್ದಾಗ ಇದ್ದುದಕ್ಕಿಂತ ಹೆಚ್ಚು ಬೆಲೆ ಇಂದು ಇದೆ.

ನಮ್ಮ ಮನೆಯಲ್ಲೂ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ಅದು 1991ರಲ್ಲಿ ನಲ್ವತ್ತು ರೂಪಾಯಿಗೆ ಗುಜರಿಯವನ ಗೋಣಿ ಸೇರಿತು. ಒಂದಕ್ಕೆ ಗೋಣಿ, ಇನ್ನೊಂದಕ್ಕೆ ಗಾಜಿನ ಕಪಾಟು ಯಾಕೆ ಎಂಬ ಪ್ರಶ್ನೆ ಬಹುಕಾಲದಿಂದ ನನ್ನನ್ನು ಕಾಡುತ್ತಿತ್ತು. ಈ ಲೇಖನ ಅದರ ಫಲ.

ಮೊದಲು ಈ ಯಂತ್ರದ ಕೆಲಸವೇನೆಂದು ನೋಡೋಣ. ಅಮೆರಿಕದ ಕೊಲಂಬಿಯಾ ಕಂಪೆನಿ 1948ರಲ್ಲಿ ಹೊರತಂದ ದೀರ್ಘ ವಾದನದ ಪ್ಲೇಟು, ಅಂದರೆ ಎಲ್‌ಪಿ, ನಿಮಿಷಕ್ಕೆ 33 1/3 ಸುತ್ತು ತಿರುಗುತ್ತದೆ. ಒಂದು ಮಗ್ಗುಲು 22 ನಿಮಿಷ ಓಡಿದರೆ ಸುಮಾರು 730 ಸುತ್ತು. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಸರಾಸರಿ ಹಿಡಿದು ಗುಣಿಸಿದರೆ ಮುಳ್ಳು ಒಂದು ಮಗ್ಗುಲಲ್ಲಿ ಸುಮಾರು ಅರ್ಧ ಕಿಲೋಮೀಟರ್ ದಾರಿ ನಡೆಯುತ್ತದೆ. ಆ ದಾರಿ ತಲೆಕೂದಲಿನಷ್ಟು ಸಪೂರ. ಅದರ ಗೋಡೆಗಳ ಅಂಕುಡೊಂಕುಗಳೇ ಹಾಡು. ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿ ಮಾಡಿ ಸಾವಿರಾರು ಪಟ್ಟು ಹಿಗ್ಗಿಸಿದರೆ ನಮ್ಮ ಕಿವಿಗೆ ಕೇಳುತ್ತದೆ. ಆದರೆ ಮುಳ್ಳಿಗೆ ಹಾಡು ಯಾವುದು, ಮೋಟಾರಿನ ನಡುಕ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಸಮನಾಗಿ ಹಿಗ್ಗಿಸಿ ಕೊಡುತ್ತದೆ. ಆದುದರಿಂದ ಏರುಪೇರಿಲ್ಲದ ವೇಗ ಮತ್ತು ನಡುಕವಿಲ್ಲದ ನಿಲುವು, ಇವೆರಡೇ ಟರ್ನ್‌ಟೇಬಲ್‌ನ ಯೋಗ್ಯತೆ. ಹೇಳಲು ಸುಲಭ, ಮಾಡಲು ಕಷ್ಟ.

ಗ್ಯಾರಾರ್ಡ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಲಂಡನ್ನಿನ ರಾಜಮನೆತನದ ಆಭರಣ ವ್ಯಾಪಾರಿಗಳಾದ ಗ್ಯಾರಾರ್ಡ್ ಸಂಸ್ಥೆಯವರು ಒಂದನೇ ಮಹಾಯುದ್ಧದ ಸಮಯ, 1915ರಲ್ಲಿ, ಸೈನ್ಯಕ್ಕೆ ದೂರವನ್ನು ಅಳೆಯುವ ಉಪಕರಣ ಮಾಡಿಕೊಡಲು ಒಂದು ಯಂತ್ರ ಕಂಪೆನಿಯನ್ನು ಸ್ಥಾಪಿಸಿದರು. ಯುದ್ಧ ಮುಗಿದ ಮೇಲೆ ಅದೇ ನಿಖರ ಕೈಗಳಿಗೆ ಬೇರೆ ಕೆಲಸ ಬೇಕಾಯಿತು. 1919ರಲ್ಲಿ ಸ್ವಿಂಡನ್ನಿಗೆ ಹೋಗಿ ಗ್ರಾಮಫೋನಿನ ಸ್ಪ್ರಿಂಗ್ ಮೋಟಾರು ಮಾಡತೊಡಗಿದರು. ಮೂವತ್ತೈದು ವರ್ಷಗಳ ಆ ಅನುಭವದ ಮೇಲೆ ಬಂದದ್ದು 301.

ಅದನ್ನು ಕೊಂಡವನಿಗೆ ಸಿಗುತ್ತಿದ್ದದ್ದು ಮೋಟಾರು ಮತ್ತು ತಿರುಗುವ ತಟ್ಟೆ ಮಾತ್ರ. ಕೂರಿಸುವ ಮರದ ಪೀಠವನ್ನೂ ಮುಳ್ಳಿನ ತೋಳನ್ನೂ ಅವನೇ ಬೇರೆ ಒದಗಿಸಿಕೊಳ್ಳಬೇಕಿತ್ತು. ಎರಕ ಹೊಯ್ದ ಅಲ್ಯುಮಿನಿಯಂ ತಟ್ಟೆಯನ್ನು ಒಂದು ರಬ್ಬರ್ ಚಕ್ರ ಒಳಗಿನಿಂದ ಒತ್ತಿ ತಿರುಗಿಸುತ್ತಿತ್ತು. ವೇಗ ಹೆಚ್ಚು ಕಡಿಮೆಯಾದರೆ ಸರಿಪಡಿಸಲು ಆಯಸ್ಕಾಂತದ ತಡೆ ಇತ್ತು. ಬಿಬಿಸಿ ಕೂಡ ಇದನ್ನು ಬಳಸಿತು. ಎಲ್ಲವನ್ನೂ ಸ್ಕ್ರೂ ತಿರುಪಿ ಬಿಚ್ಚಬಹುದು, ಒರಸಬಹುದು, ಎಣ್ಣೆ ಬಿಟ್ಟು ಮತ್ತೆ ಜೋಡಿಸಬಹುದು. ಮಾಡಿದವರು ಇದನ್ನು ದೊಡ್ಡ ಗುಣವೆಂದು ತಿಳಿದಿರಲಿಕ್ಕಿಲ್ಲ. ಆ ಕಾಲದಲ್ಲಿ ಯಂತ್ರಗಳನ್ನು ಹಾಗೆಯೇ ಮಾಡುತ್ತಿದ್ದರು. ಆದರೆ ಮುಂದೆ ಅದರ ಆಯುಸ್ಸು ನಿರ್ಧಾರವಾದದ್ದು ಇದರಿಂದಲೇ.

ಕೀರ್ತಿಯ ಇನ್ನೊಂದು ಕಥೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ್ದು. ಅಲ್ಲಿ ಐವರ್ ಟೀಫೆನ್‌ಬ್ರುನ್ ಎಂಬ ತರುಣ 1973ರಲ್ಲಿ ಲಿನ್ ಎಂಬ ಕಂಪೆನಿ ಆರಂಭಿಸಿದ. ತಂದೆಗೆ ನಿಖರ ಬಿಡಿಭಾಗಗಳನ್ನು ಕೊರೆಯುವ ಕಾರ್ಖಾನೆಯಿತ್ತು. ಲಿನ್‌ನ ‘ಸೊಂಡೆಕ್ ಎಲ್‌ಪಿ12’ ರಬ್ಬರ್ ಪಟ್ಟಿಯಿಂದ ತಿರುಗುವ ಯಂತ್ರ. ಟರ್ನ್‌ಟೇಬಲ್ ಯಾವುದಾದರೇನು, ಸುತ್ತಿದರಾಯಿತು. ಧ್ವನಿಯ ಗುಣವೆಲ್ಲ ಸ್ಪೀಕರಿನಲ್ಲಿದೆ ಎಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ಟೀಫೆನ್‌ಬ್ರುನ್ ವಾದ ಇದಕ್ಕೆ ತಿರುಗುಮುರುಗು: ಮೂಲದಲ್ಲಿ ಕಳೆದುಹೋದದ್ದನ್ನು ಮುಂದಿನ ಯಾವ ಪೆಟ್ಟಿಗೆಯೂ ಮರಳಿ ತರಲಾರದು. ಅಂಗಡಿಗಳಲ್ಲಿ ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಟರ್ನ್‌ಟೇಬಲ್ ಮಾತ್ರ ಬದಲಿಸಿ ಕೇಳಿಸಿ, ಗಿರಾಕಿಯ ಕಿವಿಗೇ ತೀರ್ಪು ಬಿಟ್ಟರು. ಒರತೆ ಕಲಕಿದರೆ ತೋಡಿನ ನೀರು ತಿಳಿಯಾಗದು ಎಂಬುದು ನಮಗೆ ಹೊಸ ಮಾತಲ್ಲ. ಬ್ರಿಟನ್ನಿನ ಸಂಗೀತಪ್ರಿಯರಿಗೆ ಅದು ಹೊಸತಾಗಿ ಕೇಳಿಸಿತು. ಎಲ್‌ಪಿ12ರ ಹೆಸರು ಬೆಳೆದದ್ದು ಹೀಗೆ.

ಅಷ್ಟರಲ್ಲಿ ಜಪಾನಿನ ಮತ್ಸುಶಿತಾ ಕಂಪೆನಿ ಟೆಕ್ನಿಕ್ಸ್ ಹೆಸರಿನಲ್ಲಿ, ಚಕ್ರವೂ ಪಟ್ಟಿಯೂ ಇಲ್ಲದೆ ಮೋಟಾರಿನ ಮೇಲೆಯೇ ತಟ್ಟೆ ಕೂರಿಸಿದ ಯಂತ್ರವನ್ನು 1970ರಲ್ಲಿ ತಂದಿತ್ತು. 1972ರಲ್ಲಿ ಬಂದ ಅದರ ‘ಎಸ್‌ಎಲ್-1200’ ಮಾದರಿ, ರೂಪಾಂತರಗಳೂ ಸೇರಿ, ಮುಂದೆ 30 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

1982ರಲ್ಲಿ ಸಿಡಿ ಬಂತು. ಧೂಳಿನ ಚಟಚಟವಿಲ್ಲ, ಮುಳ್ಳು ಸವೆಯುವುದಿಲ್ಲ. ಕೆಲವೇ ವರ್ಷಗಳಲ್ಲಿ ಪ್ಲೇಟುಗಳು ಅಂಗಡಿಯಿಂದ ಮಾಯವಾದವು. ಗ್ಯಾರಾರ್ಡ್ ಅದಕ್ಕೂ ಮೊದಲೇ ಸೋತಿತ್ತು: 1960ರಲ್ಲಿ ಪ್ಲೆಸ್ಸಿ ಕಂಪೆನಿಯ ಕೈಸೇರಿ, 1979ರಲ್ಲಿ ಬ್ರೆಜಿಲಿನ ಗ್ರಾಡಿಯೆಂತೆ ಸಂಸ್ಥೆಗೆ ಮಾರಾಟವಾಯಿತು. ಜನ ಹಳೆಯ ಯಂತ್ರಗಳನ್ನು ಅಟ್ಟಕ್ಕೆ ಹಾಕಿದರು, ಕೆಲವರು ಎಸೆದರು. ಹಳೆಯ 301ಗಳನ್ನು ಹುಡುಕಿ ಕೊಂಡವರಲ್ಲಿ ಜಪಾನಿನವರು ಮುಂಚೂಣಿಯಲ್ಲಿದ್ದರು.

ನಮ್ಮಲ್ಲಿ ಪ್ಲೇಟನ್ನು ಓಡಿಸಿದ್ದು ಸಿಡಿ ಅಲ್ಲ, ಕ್ಯಾಸೆಟ್. ಆದರೂ ತಂದೆಯವರು ಪ್ಲೇಯರನ್ನು ಬಿಟ್ಟಿರಲಿಲ್ಲ. ಭಾನುವಾರ ಸಂಜೆ ಚಾವಡಿಯಲ್ಲಿ ಅದನ್ನಿಟ್ಟು, ಪ್ಲೇಟನ್ನು ಬೈರಾಸಿನಿಂದ ಒರಸಿ ಹಾಕುತ್ತಿದ್ದರು. ಒಂದು ದಿನ ಮುಳ್ಳು ಮುರಿಯಿತು. ಕಾಸರಗೋಡಿನಲ್ಲಿ ಸಿಗಲಿಲ್ಲ. ರೈಲು ಹತ್ತಿ ಮಂಗಳೂರಿಗೆ ಹೋಗಿ ಮೂರು ಅಂಗಡಿ ಸುತ್ತಿದರು, ನಾನೂ ಜತೆಗಿದ್ದೆ. ಕೊನೆಯ ಅಂಗಡಿಯವರು, ‘ಇನ್ನು ಅದು ಬರುವುದಿಲ್ಲ ಮಾಸ್ಟ್ರೇ’ ಎಂದರು. ಪ್ಲೇಯರಿನ ಮೋಟಾರು ಸರಿಯಿತ್ತು, ತಟ್ಟೆ ತಿರುಗುತ್ತಿತ್ತು. ಬೆರಳಿನ ಉಗುರಿಗಿಂತ ಚಿಕ್ಕ ವಸ್ತುವೊಂದು ಇಲ್ಲದೆ ಅದು ಗುಜರಿಯಾಯಿತು.

ಈಗ ಬೆಲೆಯ ವಿಚಾರ. ಪ್ಲೇಟು ಮರಳಿ ಬಂದದ್ದು ಎಲ್ಲರಿಗೂ ತಿಳಿದಿದೆ. 2022ರಲ್ಲಿ ಅಮೆರಿಕದಲ್ಲಿ ಸುಮಾರು 4 ಕೋಟಿ 10 ಲಕ್ಷ ಪ್ಲೇಟುಗಳು ಮಾರಾಟವಾಗಿ, ಸಂಖ್ಯೆಯಲ್ಲಿ ಸಿಡಿಯನ್ನು ಹಿಂದೆ ಹಾಕಿದವು. ಹಾಗಿದ್ದರೆ ಯಂತ್ರ ಅಗ್ಗವಾಗಬೇಕಿತ್ತಲ್ಲ? ಸಾಧಾರಣ ಯಂತ್ರಗಳು ಅಗ್ಗವಾಗಿಯೇ ಸಿಗುತ್ತವೆ. ಏರಿದ್ದು ಉತ್ತಮ ದರ್ಜೆಯವುಗಳ ಬೆಲೆ. ಕಾರಣ ಟೆಕ್ನಿಕ್ಸ್ ಕಥೆಯಲ್ಲಿದೆ. 2010ರಲ್ಲಿ ಅವರು ಎಸ್‌ಎಲ್-1200ರ ತಯಾರಿಕೆ ನಿಲ್ಲಿಸಿದರು. 2016ರಲ್ಲಿ ಮತ್ತೆ ಆರಂಭಿಸಲು ಹೊರಟಾಗ ಹಳೆಯ ಅಚ್ಚುಗಳು ಬಳಕೆಗೆ ಬಾರದಾಗಿದ್ದವು. ಎಲ್ಲವನ್ನೂ ಹೊಸತಾಗಿ ರೂಪಿಸಬೇಕಾಯಿತು. ಮೊದಲ ಕಂತಿನಲ್ಲಿ ಲೋಕಕ್ಕೆಲ್ಲ 1,200 ಯಂತ್ರ, ಒಂದಕ್ಕೆ 4,000 ಡಾಲರ್. ಅಚ್ಚಿನ ಖರ್ಚು ಲಕ್ಷಾಂತರ ಯಂತ್ರಗಳಿಗೆ ಹಂಚಿಹೋದರೆ ತಲಾ ಕೆಲವೇ ರೂಪಾಯಿ. ಸಾವಿರ ಯಂತ್ರಗಳಿಗೆ ಹಂಚಿದರೆ ಅದೇ ಖರ್ಚು ಬೆಟ್ಟವಾಗುತ್ತದೆ. ಎಲ್ಲರೂ ಬಳಸುವಾಗ ಅಗ್ಗವಾಗಿದ್ದ ವಸ್ತುವನ್ನು ಕೆಲವರೇ ಉಳಿದಾಗ ಇಟ್ಟುಕೊಳ್ಳುವುದು ದುಬಾರಿ. ನಿಲ್ಲಿಸಿ ಮತ್ತೆ ಶುರುಮಾಡುವುದು ಇನ್ನೂ ದುಬಾರಿ. ಗಡಿನಾಡಿನಲ್ಲಿ ಕನ್ನಡ ಶಾಲೆಯ ಒಂದು ತರಗತಿ ಮುಚ್ಚಿದ್ದನ್ನು ಕಂಡವರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

ಲಿನ್ ನಿಲ್ಲಿಸಲೇ ಇಲ್ಲ. 2009ರಲ್ಲಿ ಸಿಡಿ ಪ್ಲೇಯರ್ ತಯಾರಿಕೆಯನ್ನು ಬಿಟ್ಟರೂ ಎಲ್‌ಪಿ12ನ್ನು ಬಿಡಲಿಲ್ಲ. 1982ರಲ್ಲಿ ವಿದ್ಯುತ್ ಪೂರೈಕೆಗೆ ವಲ್ಹಲ್ಲಾ, 1993ರಲ್ಲಿ ಸರ್ಕಸ್ ಎಂಬ ಹೊಸ ಬೇರಿಂಗ್, 2007ರಲ್ಲಿ ಇಡೀ ಅಲ್ಯುಮಿನಿಯಂ ಗಟ್ಟಿಯಿಂದ ಕೊರೆದ ಕೀಲ್, 2020ರಲ್ಲಿ ಕರೌಸೆಲ್ ಬೇರಿಂಗ್, ಹೀಗೆ ಒಂದೊಂದೇ ಭಾಗ ಬದಲಾಯಿತು. ಎಪ್ಪತ್ತರ ದಶಕದ ಯಂತ್ರಕ್ಕೂ ಇಂದಿನ ಭಾಗ ಕೂರುತ್ತದೆ. ಕೀರ್ತಿಯ ಗುಟ್ಟು ಇದು. ಬೆಲೆಯ ಗುಟ್ಟೂ ಇದೇ, ಏಕೆಂದರೆ ಒಂದೊಂದು ಭಾಗವೂ ದುಬಾರಿ. 2023ರಲ್ಲಿ ಐವತ್ತರ ನೆನಪಿಗೆ, ಆಪಲ್ ಕಂಪೆನಿಯಲ್ಲಿ ವಿನ್ಯಾಸಕಾರನಾಗಿ ಹೆಸರಾದ ಜೋನಿ ಐವ್ ಅವರ ಸಂಸ್ಥೆಯೊಡನೆ ರೂಪಿಸಿದ 250 ಯಂತ್ರಗಳನ್ನು ಹೊರತಂದರು. ಒಂದಕ್ಕೆ 50,000 ಪೌಂಡ್, ಅಂದರೆ ಸುಮಾರು ಅರ್ಧ ಕೋಟಿ ರೂಪಾಯಿ. ನಮ್ಮ ಶಾಖೆಯಲ್ಲಿ ಮನೆ ಕಟ್ಟಲು ಅಷ್ಟು ಸಾಲ ಪಡೆಯುವವರು ವಿರಳ.

ಗ್ಯಾರಾರ್ಡ್ ಕಥೆಗೆ ಭಾರತದ ನಂಟೂ ಇದೆ. ನಮ್ಮ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿಯಾಗಿದ್ದ ಪುಣೆಯ ಉದ್ಯಮಿ ಅಜಯ್ ಶಿರ್ಕೆ ಅವರ ಕೆಡೆನ್ಸ್ ಸಮೂಹ 2016ರಲ್ಲಿ ಇಂಗ್ಲೆಂಡಿನ ಎಸ್‌ಎಂಇ ಕಂಪೆನಿಯನ್ನೂ, 2018ರಲ್ಲಿ ಗ್ಯಾರಾರ್ಡ್ ಹೆಸರನ್ನೂ ಕೊಂಡಿತು. ಹಳೆಯ 301ಗಳನ್ನು ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ, ಪೀಠ ಮತ್ತು ತೋಳಿನೊಡನೆ ಮಾರುತ್ತಾರೆ. ಬೆಲೆ ಹತ್ತು ಸಾವಿರ ಪೌಂಡಿಗೂ ಮಿಕ್ಕಿ.

ಇಷ್ಟು ಬೆಲೆಗೆ ತಕ್ಕ ಧ್ವನಿ ಬರುತ್ತದೆಯೇ? ಒಂದು ಮಟ್ಟದವರೆಗೆ ವ್ಯತ್ಯಾಸ ಯಾರ ಕಿವಿಗೂ ತಿಳಿಯುತ್ತದೆ. ಅದರಾಚೆಗೆ ಬೆಲೆ ಹತ್ತು ಪಟ್ಟಾದರೂ ಧ್ವನಿ ಹತ್ತು ಪಟ್ಟಾಗುವುದಿಲ್ಲ. ಅಳತೆಯ ಉಪಕರಣ ಹಿಡಿದರೆ ಅಗ್ಗದ ಸಿಡಿ ಪ್ಲೇಯರಿನ ವೇಗವೇ ಹೆಚ್ಚು ನಿಖರ. ಮಿಕ್ಕ ಹಣವನ್ನು ಕೊಂಡವನು ಹೆಸರಿಗೆ, ವಿರಳತೆಗೆ, ‘ಬಿಡಿಭಾಗ ನಾಳೆಯೂ ಸಿಗುತ್ತದೆ’ ಎಂಬ ಭರವಸೆಗೆ ಕೊಡುತ್ತಾನೆ. ಮೊದಲ ಎರಡು ನನಗೆ ಬೇಡ. ಮೂರನೆಯದಕ್ಕೆ ಬೆಲೆಯಿದೆ ಎಂದು ಒಪ್ಪುತ್ತೇನೆ.

ತಂದೆಯವರ ಹನ್ನೊಂದು ಪ್ಲೇಟುಗಳು ಇನ್ನೂ ನಮ್ಮಲ್ಲಿವೆ. ಹಂಚಿನ ಮಾಡಿನಡಿಯ ಸೆಕೆಗೆ ಎರಡು ಡೊಂಕಾಗಿವೆ. ಓದುಗರ ಮನೆಗಳಲ್ಲೂ ಇರಬಹುದು. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದಲ್ಲಿಡಿ. ಪ್ಲೇಯರ್ ಇದ್ದರೆ ತೂಕಕ್ಕೆ ಕೊಡಬೇಡಿ. ಮುಳ್ಳುಗಳು ಈಗ ಮತ್ತೆ ಸಿಗುತ್ತವೆ, ಬೆಲೆಯೂ ಕೈಗೆಟಕುವಂತಿದೆ. ಅಂದು ಮಂಗಳೂರಿನಲ್ಲಿ ಆ ಮುಳ್ಳಿಗೆ ಎಷ್ಟಾಗುತ್ತಿತ್ತೋ ನನಗೆ ತಿಳಿಯದು. ಬೆಲೆ ಕೇಳುವಲ್ಲಿಯವರೆಗೆ ಮಾತು ಹೋಗಲೇ ಇಲ್ಲ.